ಬರೆದುಕೊಳ್ಳದ ನಗು

ಸಕ್ಕರೆ ಅಚ್ಚಿನ ಗಿಳಿಗೆ ಕೊಕ್ಕಿರಲಿಲ್ಲ. ರೆಕ್ಕೆಯ ಗೀರುಗಳು, ಕತ್ತಿನ ಸುತ್ತಲಿನ ಪಟ್ಟಿ, ಕಾಲಿನ ಕೆಳಗಿನ ಕೊಂಬೆ ಎಲ್ಲವೂ ಸ್ಪಷ್ಟವಾಗಿದ್ದವು. ಮುಖ ಮಾತ್ರ ಮೊಟ್ಟೆಯ ಹಾಗೆ ನುಣ್ಣಗೆ ಮುಗಿದಿತ್ತು. “ನಮ್ಮತ್ತೆ ಕಾಲದ ಅಚ್ಚು ಕಣಮ್ಮಾ, ಕೊಕ್ಕು ಸವೆದೋಗಿದೆ. ಎಷ್ಟು ಸಲ ಪಾಕ ಹುಯ್ದ್ರೂ ಅಷ್ಟೇ,” ಎಂದು ಆಗ ನಮ್ಮ ಪಕ್ಕದ ಮನೆಯಲ್ಲಿದ್ದ ವನಜಾಕ್ಷಿ ಆಂಟಿ ನಕ್ಕಿದ್ದರು.

ಈ ಜನವರಿಯಲ್ಲಿ ಅತ್ತಿಗುಪ್ಪೆಯ ನನ್ನ ಬಾಡಿಗೆ ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಕೆಳಗಿನ ಮನೆಯಿಂದ ಸಕ್ಕರೆ ಪಾಕದ ವಾಸನೆ ಬಂತು. ಹಾಲು ಬಿಟ್ಟು ಕೊಳೆ ತೆಗೆದು, ನಿಂಬೆಹುಳಿ ಹಿಂಡಿದ ಪಾಕಕ್ಕೆ ಬೇರೆ ಯಾವ ಸಿಹಿಗೂ ಇಲ್ಲದ ವಾಸನೆಯಿದೆ. ನಾನು ಬೀಗದ ಕೈ ಹಿಡಿದು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೇ ನಿಂತೆ. ಹಬ್ಬದ ಸಂಜೆ ಆ ಮನೆಯಾಕೆ ಎಳ್ಳಿನ ತಟ್ಟೆ ಹಿಡಿದು ಮೇಲೆ ಬಂದಾಗ, ಕೈ ಚಾಚುವ ಮೊದಲು ಒಂದು ಪ್ರಶ್ನೆ ಬಾಯಿಯವರೆಗೆ ಬಂತು. ಕೇಳಲಿಲ್ಲ. ನಾನೀಗ ಒಂದು ಕಂಪನಿಯಲ್ಲಿ ಒಪ್ಪಂದಗಳ ಕರಡು ತಿದ್ದುವವಳು. ನನಗೆ ಎಳ್ಳು ಕೊಟ್ಟು ಯಾರಿಗೂ ಏನೂ ಆಗಬೇಕಾದದ್ದಿಲ್ಲ. ತಟ್ಟೆ ತೆಗೆದುಕೊಂಡೆ. ಅದರಲ್ಲಿದ್ದ ಗಿಳಿಗೆ ಕೊಕ್ಕಿತ್ತು.

ನೆನಪಾದದ್ದು ನಾವು ಬಸವೇಶ್ವರನಗರದಲ್ಲಿದ್ದ ಕೊನೆಯ ವರ್ಷ. ಅಪ್ಪ ನಗರದ ಸಿವಿಲ್ ನ್ಯಾಯಾಲಯವೊಂದರಲ್ಲಿ ನ್ಯಾಯಾಧೀಶರಾಗಿದ್ದರು. ಊರಿಂದ ಊರಿಗೆ ವರ್ಗವಾಗುತ್ತ ಬಂದು, ನಿವೃತ್ತಿ ಹತ್ತಿರವಾದಾಗ ಬೆಂಗಳೂರು ಸಿಕ್ಕಿತ್ತು. ನಾನು ಕಾನೂನು ಪದವಿ ಮುಗಿಸಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಓದುತ್ತಿದ್ದೆ. ಮನೆಯಲ್ಲಿ ಇನ್ನಿದ್ದದ್ದು ಅಮ್ಮ ಒಬ್ಬಳೇ.

ನಮ್ಮ ಮನೆಗೆ ಹೊರಗಿನವರಿಗೆ ವಿಚಿತ್ರವೆನಿಸುವ ಕೆಲವು ನಿಯಮಗಳಿದ್ದವು. ಯಾರೂ ಅವನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಮದುವೆಯ ಕರೆಯೋಲೆ ಬಂದರೆ ಶುಭ ಕೋರಿ ಒಂದು ಸಾಲು ಬರೆದು ಕಳಿಸಿ, ಹೋಗದೆ ಉಳಿಯುವುದು. ಬೆಳಗಿನ ವಾಕಿಂಗ್‌ಗೆ ಅಪ್ಪ ಪಾರ್ಕಿಗೆ ಹೋಗುತ್ತಿರಲಿಲ್ಲ. ಅಲ್ಲಿನ ಕಲ್ಲುಬೆಂಚಿನ ಮಂದಿ ಮಾತಿಗೆ ಮಾತು ಬಂದು ಯಾವುದಾದರೊಂದು ಸೈಟಿನ ವಿಷಯ ತೆಗೆಯುತ್ತಾರೆ ಎಂದು ಮಂಕಿ ಕ್ಯಾಪ್ ಹಾಕಿಕೊಂಡು ರಸ್ತೆಯ ಅಂಚಿನಲ್ಲೇ ನಡೆಯುತ್ತಿದ್ದರು. ಕಟಿಂಗ್ ಶಾಪಿನಲ್ಲಿ ಶುರುವಿಂದ ಕೊನೆಯವರೆಗೂ ಕಣ್ಣು ಮುಚ್ಚಿ ಕೂರುತ್ತಿದ್ದರು. “ಕಣ್ಣು ಬಿಟ್ರೆ ಮಾತಾಡಿಸ್ತಾರೆ,” ಎನ್ನುತ್ತಿದ್ದರು.

ಅಪ್ಪನಿಗಾದರೋ ಅದು ಕೆಲಸದ ಭಾಗ. ಅಮ್ಮನಿಗೆ ಹಾಗಿರಲಿಲ್ಲ. ಯಾವ ಊರಿಗೆ ಹೋದರೂ, ಪಕ್ಕದ ಮನೆಯವರಿಂದ ಒಂದು ಎಸಳು ಕರಿಬೇವು ತೆಗೆದುಕೊಳ್ಳುವ ಮೊದಲೂ ಅವಳು ಕೇಳಬೇಕಾಗಿದ್ದ ಪ್ರಶ್ನೆಯೊಂದಿತ್ತು: “ನಿಮ್ಮನೆಯವರದ್ದು ಏನಾದ್ರೂ ಕೋರ್ಟ್ ಕೇಸ್ ಇದೆಯಾ?” ಇದ್ದವರು ಉತ್ಸಾಹದಿಂದ ಹತ್ತಿರ ಬರುತ್ತಿದ್ದರು, ಅವರನ್ನು ದೂರವಿಡಬೇಕಿತ್ತು. ಇಲ್ಲದವರು ಆ ಪ್ರಶ್ನೆಗೇ ಮುಖ ಬಿಗಿದುಕೊಂಡು ದೂರವಾಗುತ್ತಿದ್ದರು. ಪ್ರತಿ ಸಂಕ್ರಾಂತಿಗೂ ಅಮ್ಮ ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ, ಕಡಲೆಬೀಜದ ಸಿಪ್ಪೆ ಬಿಡಿಸಿ, ಎಳ್ಳು ಹುರಿದು ದೊಡ್ಡ ಡಬ್ಬಿ ತುಂಬಿಸುತ್ತಿದ್ದಳು. ಬೀರುವುದಕ್ಕೆ ಮನೆಗಳಿಲ್ಲ. ಶಿವರಾತ್ರಿಯವರೆಗೂ ನಾವು ಮೂವರೇ ಅದನ್ನು ತಿಂದು ಮುಗಿಸುತ್ತಿದ್ದೆವು.

ವನಜಾಕ್ಷಿ ಆಂಟಿ ಪಕ್ಕದ ಮನೆಗೆ ಬಾಡಿಗೆಗೆ ಬಂದದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ. ಗಂಡ ಹೆಂಡತಿ ಇಬ್ಬರೇ. ಬಂದ ವಾರದಲ್ಲೇ ಕಾಂಪೌಂಡಿನ ಆಚೆಯಿಂದ ದನಿ ಕೇಳಿಸಿತು.

“ಅಕ್ಕ, ನಿಮ್ಮ ಕರಿಬೇವು ನಮ್ಮ ಕಡೆ ಬಗ್ಗಿದೆ. ಕಿತ್ಕೊಂಡ್ರೆ ಕಳ್ಳತನ ಆಗುತ್ತಾ? ಜಡ್ಜ್ ಮನೆ ಗಿಡ, ಕೇಳದೇ ಕೀಳೋಕೆ ಹೆದ್ರಿಕೆ.”

ಅಮ್ಮ ತನ್ನ ಪ್ರಶ್ನೆ ಕೇಳಿದಳು.

“ಕೇಸಾ? ನಮ್ಮನೆಯೋರದ್ದಾ? ರೋಡ್ ಖಾಲಿ ಇದ್ರೂ ರೆಡ್ ಸಿಗ್ನಲ್‌ನಲ್ಲಿ ನಿಂತಿರ್ತಾರೆ ಅಕ್ಕ. ಹಿಂದಿನೋರು ಹಾರ್ನ್ ಹೊಡೆದು ಬೈದ್ರೂ ಹೋಗಲ್ಲ. ಅಂಥೋರ ಮೇಲೆ ಕೇಸ್ ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ?”

ಅಮ್ಮ ಗಟ್ಟಿಯಾಗಿ ನಕ್ಕಳು. ಒಳಗೆ ಓದುತ್ತಿದ್ದ ನಾನು ಪುಸ್ತಕದಿಂದ ತಲೆಯೆತ್ತಿದೆ. ಅವಳು ಹೊರಗಿನವರ ಜೊತೆ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಆಂಟಿ ಕೊಟ್ಟ ಉತ್ತರ ನಿಜವಾಗಿತ್ತು. ಅವರ ಮನೆಯವರದ್ದು ಯಾವ ಕೇಸೂ ಇರಲಿಲ್ಲ. ಅವರ ಅಕ್ಕನ ಗಂಡನದ್ದಿತ್ತು, ಅದೂ ಅಪ್ಪನ ಮುಂದೆಯೇ. ಅಮ್ಮನ ಪ್ರಶ್ನೆ ಅಷ್ಟು ದೂರ ಹೋಗುತ್ತಿರಲಿಲ್ಲ.

ಆ ಕೇಸಿನ ವಿಷಯ ಆಗ ನಮಗೆ ತಿಳಿದಿರಲಿಲ್ಲ. ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಮಾಕ್ಷಿಪಾಳ್ಯದ ಹತ್ತಿರ ಪುಟ್ಟತಾಯಮ್ಮ ಎಂಬ ಮುದುಕಿಗೆ ಒಂದು ಚಿಕ್ಕ ಸ್ವಂತ ಮನೆಯಿತ್ತು. ಪಕ್ಕದಲ್ಲಿ ಕಲ್ಯಾಣ ಮಂಟಪ. ಮಂಟಪದ ಮಾಲೀಕನೇ ಆಂಟಿಯ ಅಕ್ಕನ ಗಂಡ. ಅವನಿಗೆ ಗಾಡಿಗಳನ್ನು ನಿಲ್ಲಿಸಲು ಜಾಗ ಬೇಕಿತ್ತು. ಖಾತೆ ಮಾಡಿಸಿಕೊಡುತ್ತೇನೆಂದು ಕರೆದುಕೊಂಡು ಹೋಗಿ ಅವನು ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಎಂಬುದು ಆಕೆಯ ಮಾತು. ಆಕೆಯೇ ಬಂದು ಮಾರಿ ಹೋದಳು ಎಂಬುದು ಅವನ ಮಾತು. ಕ್ರಯಪತ್ರ ರದ್ದಾಗಬೇಕೆಂದು ಆಕೆ ದಾವೆ ಹೂಡಿದಳು. ಮನೆ ಬಿಡಿಸಿಕೊಡಬೇಕೆಂದು ಅವನು ಅದೇ ದಾವೆಯಲ್ಲಿ ಎದುರು ಕೇಳಿಕೊಂಡ. ಕಾಗದಪತ್ರವೆಲ್ಲ ಅವನ ಕಡೆ. ಆಕೆಯ ಕಡೆ ಇದ್ದದ್ದು ಆಕೆಯ ಬಾಯಿಮಾತು ಒಂದೇ. ಅದನ್ನು ಅಪ್ಪನ ಮುಂದೆ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿ ಮುಗಿಸಿ, ಕೆಲವು ತಿಂಗಳಲ್ಲಿ ತೀರಿಕೊಂಡಿದ್ದಳು. ದಾವೆಯನ್ನು ಮುಂದುವರಿಸಿದವಳು ತಾಯಿಯ ಜೊತೆ ಆ ಮನೆಯಲ್ಲೇ ಇದ್ದ ಮಗಳು ಮಂಗಳ.

ನಮ್ಮ ಮನೆಯಲ್ಲಿ ಆ ಚಳಿಗಾಲ ಹಿಂದಿನ ಚಳಿಗಾಲಗಳ ಹಾಗಿರಲಿಲ್ಲ. ಕಾರ್ತಿಕದ ಸಂಜೆ ಅಮ್ಮನೂ ಆಂಟಿಯೂ ದೇವಸ್ಥಾನಕ್ಕೆ ಹೋಗಿ ದೀಪ ಹಚ್ಚಿ ಬರುತ್ತಿದ್ದರು. ಅವರೆಕಾಯಿ ಬಂದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಮೆಟ್ಟಿಲ ಮೇಲೆ ಕೂತು ಹಿತಕುತ್ತ ಅದೇನೋ ಮುಗಿಯದ ಮಾತು. ಕಿಟಕಿಯ ಒಳಗೆ ನಾನು ಸಾಕ್ಷ್ಯದ ಕಾನೂನು ಓದುತ್ತಿದ್ದೆ. ಹೊರಗೆ ಅಮ್ಮ ತನ್ನ ತವರಿನ, ನನಗೂ ಹೇಳಿರದ ಸಂಗತಿಗಳನ್ನು ಹೇಳುತ್ತಿದ್ದಳು. ಅಪ್ಪ ಸಂಜೆ ಬಂದು ಮೆಟ್ಟಿಲ ಮೇಲೆ ಬಿದ್ದಿದ್ದ ಸಿಪ್ಪೆ ನೋಡಿ ಒಂದು ಸಲ ಮಾತ್ರ ಕೇಳಿದರು.

“ವಿಚಾರಿಸ್ದ್ಯಾ?”

“ಕೇಳಿದೀನಿ. ಅವರದ್ದೇನೂ ಇಲ್ಲ.”

ಅಮ್ಮನ ಮುಖ ನೋಡಿ ಅಪ್ಪ ಅಷ್ಟಕ್ಕೇ ಬಿಟ್ಟರು ಎಂದು ನನಗೀಗ ಅನಿಸುತ್ತದೆ.

ಸಂಕ್ರಾಂತಿಯ ದಿನ ಆಂಟಿ ರೇಷ್ಮೆ ಸೀರೆಯುಟ್ಟು ತಟ್ಟೆ ಹಿಡಿದು ಬಂದರು. ಎಳ್ಳು ಬೆಲ್ಲ, ಕಬ್ಬಿನ ತುಂಡು, ಎಲಚಿ ಹಣ್ಣು, ಮೇಲೆ ಆ ಕೊಕ್ಕಿಲ್ಲದ ಗಿಳಿ. ಜೊತೆಗೆ ಹಬ್ಬಕ್ಕೆ ಬಂದಿದ್ದ ಅಕ್ಕನ ಮಗಳು. ಅಮ್ಮ ತನ್ನ ಡಬ್ಬಿಯಿಂದ ತಟ್ಟೆ ತುಂಬಿಸಿ ಕೊಟ್ಟಳು. ನನಗೆ ತಿಳಿದಂತೆ ಅಮ್ಮ ಮನೆಯ ಹೊರಗಿನವರೊಬ್ಬರಿಗೆ ಎಳ್ಳು ಬೀರಿದ್ದು ಅದೇ ಮೊದಲು.

“ಇಬ್ರೂ ಹೀಗೆ ನಿಂತ್ಕೊಳಿ ಆಂಟಿ, ಒಂದು ಫೋಟೋ,” ಎಂದಳು ಅಕ್ಕನ ಮಗಳು.

ಇಬ್ಬರೂ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತರು. ಅವರ ಹಿಂದಿನ ಗೋಡೆಯಲ್ಲಿ ಅಪ್ಪನ ಹೆಸರು, ಹುದ್ದೆ ಬರೆದ ಫಲಕವಿತ್ತು.

ಆಂಟಿ ಕೊಟ್ಟ ಎಳ್ಳನ್ನು ನಾನೂ ಅಮ್ಮನೂ ತಿಂದೆವು. ಅಪ್ಪ ನಮ್ಮ ಡಬ್ಬಿಯದ್ದನ್ನೇ ತಿಂದರು. ಗಿಳಿಯನ್ನು ಅಮ್ಮ ಷೋಕೇಸಿನಲ್ಲಿ ಗಾಜಿನ ಲೋಟಗಳ ಪಕ್ಕ ನಿಲ್ಲಿಸಿದಳು.

ಫೆಬ್ರವರಿಯ ಒಂದು ಸಂಜೆ ಅಪ್ಪ ಕೋರ್ಟಿನಿಂದ ಬಂದವರು ಷೂ ಬಿಚ್ಚದೆ ನಡುಮನೆಯಲ್ಲಿ ಕೂತರು. ಅಮ್ಮ ಕಾಫಿ ತಂದಳು.

“ವನಜಾಕ್ಷಿಯವರ ಅಕ್ಕನ್ನ ಎಲ್ಲಿಗೆ ಕೊಟ್ಟಿರೋದು?” ಎಂದು ಅಪ್ಪ ಕೇಳಿದರು.

“ಕಾಮಾಕ್ಷಿಪಾಳ್ಯದ ಹತ್ರ. ಅವರ್ದೊಂದು ಕಲ್ಯಾಣ ಮಂಟಪ ಇದೆಯಂತೆ.”

“ಯಾವಾಗ ಹೇಳಿದ್ರು?”

“ಹಬ್ಬ ಆದ್ಮೇಲೆ ಯಾವಾಗ್ಲೋ. ಯಾಕೆ?”

ಅಪ್ಪ ಕಾಫಿಯ ಲೋಟವನ್ನು ಎತ್ತಿ, ಕುಡಿಯದೆ ಕೆಳಗಿಟ್ಟರು. “ನೀನು ಕೇಳಿದ್ದು ಸರಿಯಾಗೇ ಇತ್ತು,” ಎಂದರು. ಅಮ್ಮನಿಗೆ ಅಷ್ಟರಲ್ಲೇ ಅರ್ಥವಾಯಿತು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಪಾತ್ರೆಗಳೇನೂ ಇರಲಿಲ್ಲ. ನೀರು ಸುಮ್ಮನೆ ಬಹಳ ಹೊತ್ತು ಸುರಿಯಿತು.

ಮಾರನೆಯ ಬೆಳಗ್ಗೆ ಅಪ್ಪ ನನ್ನನ್ನು ವಾಕಿಂಗ್‌ಗೆ ಕರೆದರು. ಅದಕ್ಕೂ ಮುಂಚೆ ಹಾಗೆ ಕರೆದದ್ದೇ ಇಲ್ಲ. ಮನೆಯಲ್ಲಿ ಎಂದೂ ಕೇಸಿನ ಮಾತಾಡದವರು ಅಂದು ನಡೆಯುತ್ತ, ರಸ್ತೆಯನ್ನೇ ನೋಡುತ್ತ ಹೇಳಿದರು.

ಹಿಂದಿನ ದಿನ ಆ ದಾವೆಯಲ್ಲಿ ಕೊನೆಯ ವಾದ ಶುರುವಾಗಬೇಕಿತ್ತು. ಮಂಟಪದ ಮಾಲೀಕನ ವಕೀಲ ಎದ್ದು ನಿಂತು ಬಹಳ ವಿನಯದಿಂದ ಹೇಳಿದನಂತೆ: “ಸ್ವಾಮಿ, ನಮ್ಮ ಕಕ್ಷಿದಾರರ ನಾದಿನಿ ತಮ್ಮ ಮನೆಯವರಿಗೆ ಆಪ್ತರು ಅಂತ ನಿನ್ನೆ ನನ್ನ ಗಮನಕ್ಕೆ ಬಂತು. ಹಬ್ಬಕ್ಕೆ ಕೊಟ್ಟು ತಗೊಳ್ಳೋ ಬಳಕೆ ಇದೆ. ತಮ್ಮ ಮೇಲೆ ನಮಗೆ ಅಪಾರ ಗೌರವ. ಆದ್ರೆ ನಾಳೆ ನಮ್ಮ ಪರವಾಗಿ ಆದೇಶ ಆದ್ರೆ ಎದುರು ಪಾರ್ಟಿಯವರು ಪಾಪ ಏನಂದ್ಕೋಬೇಕು? ಅವರ ಹಿತಕ್ಕೋಸ್ಕರವೇ ಹೇಳ್ತಾ ಇರೋದು. ಫೋಟೋನೂ ಇದೆ. ಅದನ್ನ ತಮ್ಮ ಮುಂದೆ ಇಡೋದು ಅಗೌರವ, ಇಡಲ್ಲ.”

ಮಂಗಳಳ ವಕೀಲ ತಕ್ಷಣ ಎದ್ದು, ನಮ್ಮದೇನೂ ಆಕ್ಷೇಪಣೆ ಇಲ್ಲ, ತಾವೇ ಕೇಳಬೇಕು ಎಂದ. ಹಿಂದಿನ ಬೆಂಚಿನಿಂದ ಮಂಗಳಳೂ ಎದ್ದು, ಇಲ್ಲ ಸಾರ್, ನಮಗೇನೂ ಇಲ್ಲ ಎಂದಳು. ಅಪ್ಪ ತಾವು ಈ ದಾವೆಯನ್ನು ಮುಂದೆ ಕೇಳುವುದಿಲ್ಲವೆಂದು ಬರೆಸಿ, ಬೇರೆ ನ್ಯಾಯಾಧೀಶರಿಗೆ ಕೊಡುವಂತೆ ಕಡತ ಕಳಿಸಿದರು.

“ಗೆಲ್ತೀನಿ ಅನ್ನೋ ನಂಬಿಕೆ ಇರೋನು ಇದನ್ನ ಹೇಳ್ತಿರ್ಲಿಲ್ಲ ಅಪ್ಪ,” ಎಂದೆ.

“ಗೊತ್ತು.”

“ಗೊತ್ತಿದ್ದೂ ಬಿಟ್ರಾ?”

“ಇಟ್ಕೊಂಡು ಅವನ ವಿರುದ್ಧ ಬರೆದ್ರೆ, ತನ್ನ ಹೆಸ್ರು ತೊಳ್ಕೊಳ್ಳೋಕೆ ಹಾಗೆ ಬರೆದ ಅಂತಾರೆ. ಪರ ಬರೆದ್ರೆ ಹೇಳೋದೇ ಬೇಡ. ಬರೆಯೋ ಕೈ ಮೇಲೇ ಅನುಮಾನ ಬಂದ್ಮೇಲೆ ಏನು ಬರೆದ್ರೇನು?”

ಹಾಲಿನ ಬೂತಿನ ಹತ್ತಿರ ಜನ ನಿಂತಿದ್ದರು. ಅಪ್ಪ ಮಾತು ನಿಲ್ಲಿಸಿ, ಅದನ್ನು ದಾಟಿದ ಮೇಲೆ ಮತ್ತೆ ಶುರುಮಾಡಿದರು. ಈ ಸಲ ಹೇಳಿದ್ದು ಪುಟ್ಟತಾಯಮ್ಮನ ಬಗ್ಗೆ. ಪಾಟೀಸವಾಲಿನಲ್ಲಿ ಆ ವಕೀಲ ಆಕೆಯನ್ನು ನಿಲ್ಲಿಸಿಕೊಂಡು ಒಂದರ ಮೇಲೊಂದು ಪ್ರಶ್ನೆ ಹಾಕಿದ. ನೀನೇ ನೋಂದಣಿ ಕಚೇರಿಗೆ ಹೋದೆ, ನೀನೇ ಹಣ ಎಣಿಸಿಕೊಂಡೆ, ನೀನೇ ಹೆಬ್ಬೆಟ್ಟು ಒತ್ತಿ ಮನೆ ಮಾರಿ ಬಂದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು ನಕ್ಕಳಂತೆ. ಅಣಕದ ನಗುವಲ್ಲ, ಹೆದರಿಕೆಯ ನಗುವಲ್ಲ. ಮೊಮ್ಮಗ ಏನೋ ಬೆಪ್ಪು ಮಾತಾಡಿದಾಗ ನಗುವ ಹಾಗೆ. “ಅದಾದ್ಮೇಲಿನ ದೀಪಾವಳೀಲಿ ಗೋಡೆಗೆ ಸುಣ್ಣ ಹೊಡಿಸ್ದೆ ಕಣಪ್ಪ. ಮಾರಿದ್ ಮನೆಗೆ ಯಾರಾದ್ರೂ ಸುಣ್ಣ ಹೊಡಿಸ್ತಾರಾ? ನೀನು ಆಗ್ಲಿಂದ ನಿಂತೇ ಇದೀಯ, ಕೂತ್ಕೋ ಸ್ವಲ್ಪ,” ಎಂದಳಂತೆ. ಇಡೀ ಕೋರ್ಟು ನಕ್ಕಿತು. ಬೆಂಚ್ ಕ್ಲರ್ಕೂ ನಕ್ಕರು.

“ಇಷ್ಟು ವರ್ಷ ಎಷ್ಟೋ ಜನ ಪ್ರಮಾಣ ಮಾಡಿ ಹೇಳಿದ್ದನ್ನ ಕೇಳಿದೀನಿ,” ಎಂದರು ಅಪ್ಪ. “ಆ ನಗೂನ ಯಾವ ವಕೀಲನೂ ಹೇಳಿಕೊಡೋಕೆ ಆಗಲ್ಲ.”

“ಅದು ಸಾಕ್ಷ್ಯದಲ್ಲಿ ಹೇಗೆ ಬಂದಿದೆ?”

“‘ನಾನು ಮನೆಯನ್ನು ಮಾರಿದ್ದೇನೆ ಎಂದರೆ ಸರಿಯಲ್ಲ.’ ಅಷ್ಟೇ.”

“ಸುಣ್ಣ?”

“ಪ್ರಶ್ನೆ ಕೇಳಿದ್ದು ಮಾರಿದ್ಯಾ ಅಂತ. ಉತ್ತರ ಇಲ್ಲ ಅಂತ. ಹಾಗೇ ಬರೆಸ್ಕೊಳ್ಳೋದು ರೂಢಿ.”

ಅದೇ ವಾರ ನಾನು ಆ ಕಾನೂನನ್ನು ಓದಿದ್ದೆ. “ಸಾಕ್ಷಿ ಹೇಗೆ ನಡ್ಕೊಂಡ್ರು ಅಂತ ಜಡ್ಜ್ ಬರ್ಕೋಬಹುದು ಅಪ್ಪ. ಅವಕಾಶ ಇದೆ.”

“ಇದೆ. ಅವತ್ತೇ ಬರೆದಿದ್ರೆ, ಆ ಕಡೆಯವರ ಸಾಕ್ಷಿ ಕೇಳೋಕೆ ಮುಂಚೆನೇ ನನ್ನ ಮನಸ್ಸು ಎಲ್ಲಿದೆ ಅಂತ ಎಲ್ರಿಗೂ ಗೊತ್ತಾಗ್ತಿತ್ತು. ಅದು ತಪ್ಪು. ಕಡೆಗೆ ತೀರ್ಪಲ್ಲಿ ಬರೆದ್ರಾಯ್ತು ಅಂದ್ಕೊಂಡೆ.”

“ಈಗ ಹೇಳಿ. ಯಾರಿಗೆ ಹೋಗುತ್ತೋ ಆ ಜಡ್ಜ್‌ಗೆ. ನಿಮಗೆ ಗೊತ್ತಿರೋರೇ ಆಗಿರ್ತಾರೆ ಅಲ್ವಾ?”

ಅಪ್ಪ ನಿಂತರು. ಟೋಪಿಯನ್ನು ಹಣೆಯಿಂದ ಹಿಂದಕ್ಕೆ ಸರಿಸಿದರು. “ಹಾಗೆ ಹೇಳೋಕೆ ಬರೋರು ಒಳಗೆ ಬರ್ಬಾರ್ದು ಅಂತಾನೇ ಇಷ್ಟು ವರ್ಷ ಬಾಗ್ಲು ಹಾಕ್ಕೊಂಡು ಕೂತಿದ್ದು ನಾವು. ಈಗ ನಾನೇ ಹೋಗಿ ಇನ್ನೊಬ್ರ ಬಾಗ್ಲು ತಟ್ಟಲಾ?”

ಮನೆಯ ಕಡೆ ತಿರುಗಿದೆವು. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಯುಗಾದಿಗೆ ಮುಂಚೆ ಬಿಸಿಲು ಜೋರಾಗಿತ್ತು. ಒಂದು ಭಾನುವಾರ ಹನ್ನೊಂದರ ಹೊತ್ತಿಗೆ ಗೇಟಿನ ಹತ್ತಿರ ಒಬ್ಬಾಕೆ ನಿಂತಿದ್ದಳು. ನಲವತ್ತರ ಆಸುಪಾಸು, ಕೈಯಲ್ಲೊಂದು ಬಟ್ಟೆಯ ಚೀಲ, ಸೆರಗಿನ ಅಂಚಿಗೆ ಚುಚ್ಚಿಕೊಂಡು ಮರೆತ ಎರಡು ಗುಂಡುಪಿನ್ನು. ಬ್ಲೌಸ್ ಹೊಲಿಯುತ್ತಾಳೆಂದು ಆಮೇಲೆ ತಿಳಿಯಿತು. ನಾನು ಹೋದೆ.

“ಸಾರ್ ಇದಾರಾ?”

“ಯಾರು ನೀವು?”

“ಮಂಗಳ ಅಂತ. ನಮ್ಮ ಕೇಸು ಸಾರ್ ಹತ್ರ ಇತ್ತು. ಈಗಿಲ್ಲ, ಅದಕ್ಕೇ ಬಂದೆ. ಇದ್ದಾಗ ಮನೆ ಕಡೆ ತಲೆನೂ ಹಾಕ್ಬಾರ್ದು ಅಂತ ನಮ್ಮ ಲಾಯರ್ರು ಹೇಳಿದ್ರು. ಹಾಕ್ಲಿಲ್ಲ.”

ಅಪ್ಪ ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು. ಕಿಟಕಿ ತೆರೆದಿತ್ತು. ನಾನು ತಿರುಗಿ ನೋಡಿದೆ. ಅಪ್ಪ ಏಳಲಿಲ್ಲ. ಪೇಪರಿನ ಪುಟವೂ ಮಗುಚಲಿಲ್ಲ.

“ಸಿಗಲ್ಲ ಅವ್ರು,” ಎಂದೆ.

“ಪರವಾಗಿಲ್ಲ ಮೇಡಂ. ಸಾರ್ ಮೇಲೆ ನಂಗೇನೂ ಬೇಜಾರಿಲ್ಲ. ಒಂದೇ ಒಂದು ಕೇಳ್ಬೇಕಿತ್ತು. ನಮ್ಮಮ್ಮ ಹೇಳಿದ್ನ ಕೂತು ಕೇಳಿದ ಜಡ್ಜು ಅಂದ್ರೆ ಅವ್ರೊಬ್ರೇ. ಈಗ ಹೊಸ ಸಾರ್‌ಗೆ ಅದನ್ನ ಯಾರು ಹೇಳ್ತಾರೆ?”

“ಹೇಳಿದ್ದೆಲ್ಲ ಕಾಗದದಲ್ಲಿ ಇರುತ್ತೆ.”

“ಇರುತ್ತಾ?”

ನಾನು ಒಳಗೆ ಹೋಗಿ ಒಂದು ಚೊಂಬು ನೀರು ತಂದೆ. ಅವಳು ಅದನ್ನು ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದಳು.

“ಕುಡೀಬಹುದಾ? ಆಮೇಲೆ ಏನೂ ಆಗಲ್ವಾ?”

ಅದು ಕುಹಕವೇ, ನಿಜವಾದ ಪ್ರಶ್ನೆಯೇ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದು, ಉಳಿದ ನೀರನ್ನು ಗೇಟಿನ ಪಕ್ಕದ ದಾಸವಾಳದ ಬುಡಕ್ಕೆ ಹಾಕಿ, ಬರ್ತೀನಿ ಎಂದು ಹೋದಳು.

ಒಳಗೆ ಬಂದಾಗ ಅಪ್ಪ ಕೇಳಿದರು, “ಏನಂದ್ರು?”

“ಕೇಳಿಸ್ತಲ್ಲ ಅಪ್ಪ.”

“ಕೇಳಿಸ್ತು.”

ಅಮ್ಮ ಕಾಂಪೌಂಡಿನ ಹತ್ತಿರ ಹೋಗುವುದನ್ನು ಬಿಟ್ಟಿದ್ದಳು. ವನಜಾಕ್ಷಿ ಆಂಟಿ ಎರಡು ಮೂರು ಸಲ ಕರೆದು ಸುಮ್ಮನಾದರು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅಮ್ಮ ಹಪ್ಪಳ ಒಣಹಾಕುತ್ತಿದ್ದಾಗ ಆಂಟಿ ಗೋಡೆಯ ಆಚೆ ಬಂದು ನಿಂತರು.

“ಅಕ್ಕ, ಭಾವ ಏನು ಮಾಡಿದ್ರೋ, ಯಾರು ಅವ್ರಿಗೆ ಫೋಟೋ ಕೊಟ್ರೋ ನಂಗೊತ್ತಿಲ್ಲ. ನಾನು ಎಳ್ಳು ತಂದಿದ್ದು ಎಳ್ಳು ಬೀರೋಕೇ. ದೇವ್ರಾಣೆ.”

“ಇರಬಹುದು ವನಜಾಕ್ಷಿ.”

“ನಂಬಲ್ವಾ ನನ್ನ?”

“ನಂಬಿದ್ರೆ ಏನು ಮಾಡ್ಲಿ ಹೇಳು? ಮತ್ತೆ ಅವರೆಕಾಯಿ ಸುಲಿಯೋಕೆ ಕೂರಕ್ಕಾಗುತ್ತಾ?”

ಆಂಟಿ ಒಳಗೆ ಹೋದರು. ಮುಂದಿನ ವಾರ ಅಮ್ಮ ಆಳು ಕರೆಸಿ, ಆಚೆ ಬಗ್ಗಿದ್ದ ಕರಿಬೇವಿನ ಕೊಂಬೆಯನ್ನು ಕಡಿಸಿದಳು. ಮೇ ಮುಗಿಯುವುದರೊಳಗೆ ಪಕ್ಕದ ಮನೆ ಖಾಲಿಯಾಯಿತು. ಸಾಮಾನು ಹೊತ್ತ ಗಾಡಿ ತಿರುವು ದಾಟುವವರೆಗೆ ಅಮ್ಮ ಕಿಟಕಿಯ ಹತ್ತಿರ ನಿಂತಿದ್ದಳು. “ಅವಳು ಬೇಕಂತ ಮಾಡಿದ್ಳು ಅಂತ ಗೊತ್ತಾಗಿದ್ರೆ ಚೆನ್ನಾಗಿತ್ತು ಕಣೇ,” ಎಂದಳು. “ಬೈಕೊಂಡು ಸುಮ್ನಾಗ್ತಿದ್ದೆ.”

ಆ ಬೇಸಿಗೆಯಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಹಾಗೆಂದು ತೀರ್ಮಾನಿಸಿ ನಿಲ್ಲಿಸಲಿಲ್ಲ. ಪುಸ್ತಕ ತೆರೆದರೆ ಪ್ರತಿ ನಿಯಮದ ಹಿಂದೆಯೂ ಅದನ್ನು ಪಾಲಿಸುವ ಒಬ್ಬ ಮನುಷ್ಯ ಕಾಣುತ್ತಿದ್ದ. ಅವನನ್ನು ಕುರ್ಚಿಯಿಂದ ಎಬ್ಬಿಸಲು ಆ ನಿಯಮವೇ ಸಾಕು ಎಂಬುದೂ ಕಾಣುತ್ತಿತ್ತು. ಅರ್ಜಿ ಹಾಕುವ ದಿನ ಬಂದು ಹೋಯಿತು. ಅಪ್ಪನಿಗೆ ಗೊತ್ತಾಗಿರಬೇಕು. ಕೇಳಲಿಲ್ಲ.

ಜೂನ್‌ನಲ್ಲಿ ಸಂಜೆಯ ಮಳೆ ಹಿಡಿಯಿತು. ಅಂಥದೊಂದು ಸಂಜೆ ಕರೆಂಟ್ ಹೋಗಿತ್ತು. ನಾನು ಫೋನಿನಲ್ಲಿ ಆ ದಾವೆಯನ್ನು ಹುಡುಕಿದೆ. ವಾರದ ಹಿಂದೆಯೇ ತೀರ್ಪಾಗಿತ್ತು. ದಾವೆ ವಜಾ. ಎದುರು ಕೇಳಿಕೆ ಮಂಜೂರು. ಮನೆಯನ್ನು ಖಾಲಿ ಮಾಡಿಕೊಡಲು ಮಂಗಳಳಿಗೆ ಎರಡು ತಿಂಗಳ ಸಮಯ. ಪೂರ್ತಿ ಓದಿದೆ. ಅವಸರದ ತೀರ್ಪಲ್ಲ. ಪ್ರತಿ ದಾಖಲೆಯನ್ನೂ ನೋಡಿ, ಎರಡೂ ಕಡೆಯ ಮಾತನ್ನು ತೂಗಿ ಬರೆದದ್ದು.

ಅಪ್ಪ ಕತ್ತಲಲ್ಲಿ ಎದುರಿಗೇ ಕೂತಿದ್ದರು.

“ಬಂತಾ?” ಎಂದರು. ಯಾವುದು ಎಂದು ನಾನು ಹೇಳಿರಲಿಲ್ಲ.

“ಬಂತು. ವಜಾ.”

“ಸಾಕ್ಷ್ಯದ ಬಗ್ಗೆ ಏನಿದೆ?”

ಓದಿ ಹೇಳಿದೆ. ಮೃತ ವಾದಿಯು ಪಾಟೀಸವಾಲಿನಲ್ಲಿ ವಕೀಲರು ಮುಂದಿಟ್ಟ ಪ್ರತಿಯೊಂದು ಸೂಚನೆಯನ್ನೂ ಬರಿದೇ ನಿರಾಕರಿಸಿರುವುದನ್ನು ಬಿಟ್ಟರೆ, ನೋಂದಾಯಿತ ದಾಖಲೆಯನ್ನು ಅಲ್ಲಗಳೆಯುವಂಥ ಯಾವ ವಿವರಣೆಯನ್ನೂ ನೀಡಿಲ್ಲ ಎಂದಿತ್ತು.

ಮಳೆ ಸಜ್ಜೆಯ ಮೇಲೆ ಸುರಿಯುತ್ತಿತ್ತು. ಅಪ್ಪ ಹೇಳಿದರು, “ಸರಿಯಾಗೇ ಬರೆದಿದಾರೆ. ಆ ಕಾಗದ ಮಾತ್ರ ಮುಂದಿದ್ರೆ ನಾನೂ ಹಾಗೇ ಬರೀತಿದ್ದೆ.”

ಅಮ್ಮ ಮೇಣದಬತ್ತಿ ಹಚ್ಚಿ ತಂದು ಷೋಕೇಸಿನ ಮೇಲೆ ಇಟ್ಟಳು. ಗಾಜಿನ ಹಿಂದೆ ಗಿಳಿ ಇನ್ನೂ ಅಲ್ಲೇ ಇತ್ತು. ಮಳೆಗಾಲದ ತೇವಕ್ಕೆ ರೆಕ್ಕೆಯ ಗೀರುಗಳೂ ಕರಗಿ, ಈಗ ಅದು ಯಾವ ಹಕ್ಕಿಯೆಂದು ಹೇಳುವ ಹಾಗಿರಲಿಲ್ಲ.

ಮರುದಿನ ಬೆಳಗ್ಗೆ ಅಪ್ಪ ಕೋರ್ಟಿಗೆ ಹೊರಟ ಮೇಲೆ ನಾನು ಆಟೋ ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋದೆ. ವಿಳಾಸ ತೀರ್ಪಿನ ಮೊದಲ ಪುಟದಲ್ಲೇ ಇತ್ತು. ಕಲ್ಯಾಣ ಮಂಟಪದ ಮುಂದೆ ಬಾಳೆಕಂಬ ಕಟ್ಟುತ್ತಿದ್ದರು. ಪಕ್ಕದ ಚಿಕ್ಕ ಮನೆಯ ಮುಂದೆ ಒಂದು ಗೂಡ್ಸ್ ಆಟೋ ನಿಂತಿತ್ತು. ಹೊಲಿಗೆ ಯಂತ್ರ, ಎರಡು ಕೊಡ, ಗಂಟು ಕಟ್ಟಿದ ಹಾಸಿಗೆ ಆಗಲೇ ಅದರೊಳಗಿದ್ದವು. ಮಂಗಳ ನನ್ನ ಗುರುತು ಹಿಡಿದಳು.

“ಇನ್ನೂ ಸಮಯ ಇದೆಯಲ್ಲ,” ಎಂದೆ.

“ಅವ್ರು ಬಂದು ಸಾಮಾನು ಬೀದಿಗೆ ಎಸೆಯೋದನ್ನ ಕಾಯ್ಕೊಂಡು ಕೂರ್ಲಾ? ಕೆಂಗೇರೀಲಿ ಒಂದು ರೂಮ್ ಸಿಕ್ತು, ಹೋಗ್ತಾ ಇದೀನಿ. ಲಾಯರ್ರು ಹೈಕೋರ್ಟು ಅಂತಾರೆ. ಅಲ್ಲೂ ಇದೇ ಕಾಗದ ತಾನೇ ಓದೋದು ಅಂದೆ.”

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದೆ. ನಿಮ್ಮ ಅಮ್ಮ ಸಾಕ್ಷಿಕಟ್ಟೆಯಲ್ಲಿ ನಕ್ಕದ್ದು ಅಪ್ಪನಿಗೆ ನೆನಪಿದೆ, ಸುಣ್ಣ ಹೊಡಿಸಿದ ಮಾತು ನೆನಪಿದೆ, ವಕೀಲನಿಗೆ ಕೂತ್ಕೋ ಎಂದದ್ದೂ ನೆನಪಿದೆ ಎಂದು.

“ನಂಗೂ ನೆನಪಿದೆ ಮೇಡಂ,” ಎಂದಳು ಮಂಗಳ. “ಅಮ್ಮನ ಚೀಲ ಹಿಡ್ಕೊಂಡು ಬಾಗ್ಲ ಹತ್ರ ನಾನೇ ನಿಂತಿದ್ನಲ್ಲ.”

ಒಳಗೆ ಸುಣ್ಣ ಬಳಿದ ಗೋಡೆಗಳು. ದೇವರ ಪಟಗಳನ್ನು ತೆಗೆದ ಕಡೆ ಮಾತ್ರ ಅದು ಇನ್ನೂ ಬೆಳ್ಳಗಿತ್ತು. ನಡುವೆ ಒಂದು ಹಳೆಯ ಮರದ ಮಂಚ ಉಳಿದಿತ್ತು.

“ಬಂದಿದೀರಲ್ಲ, ಆ ಕಡೆ ಸ್ವಲ್ಪ ಹಿಡ್ಕೋತೀರಾ? ಅಮ್ಮಂದು. ಒಬ್ಬಳ ಕೈಲಿ ಏಳಲ್ಲ.”

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಂಚದ ಕಾಲಿನ ಕಡೆಯನ್ನು ಹಿಡಿದು ಎತ್ತಿದೆ.